ಆರ್‌ಟಿಎಕ್ಸ್ 4060 ಅಥವಾ ಆರ್‌ಎಕ್ಸ್ 7600: ರಾಯಚೂರಿನ ಬಿಸಿಲಿಗೆ ಯಾವುದು?

ಪ್ರಶ್ನೆ: 1080ಪಿ (1920×1080 ಪರದೆಯ) ಆಟಗಳಿಗಾಗಿ ಈ ಎರಡು ಗ್ರಾಫಿಕ್ಸ್ ಕಾರ್ಡುಗಳಲ್ಲಿ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಎರಡರಲ್ಲೂ 8 ಜಿಬಿ ಮೆಮೊರಿ, 128 ಬಿಟ್ ಬಸ್ (ಮೆಮೊರಿಗೆ ಮಾಹಿತಿ ಸಾಗುವ ದಾರಿ) ಇರುವಾಗ ವ್ಯತ್ಯಾಸ ಎಲ್ಲಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿರಿ.

ಮೊದಲ ಉತ್ತರ: ಮುಖ್ಯ ವ್ಯತ್ಯಾಸ ವಿದ್ಯುತ್ತಿನದು. ಎನ್‌ವಿಡಿಯಾದ 4060 ಕಾರ್ಡಿನ ಮಿತಿ 115 ವ್ಯಾಟ್ ಆಗಿದ್ದರೆ ಎಎಂಡಿಯ 7600 ಕಾರ್ಡಿನದು 165 ವ್ಯಾಟ್. ಆ ಹೆಚ್ಚುವರಿ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಸೇರುವುದರಿಂದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನಲ್ಲಿ ಎಸಿ ಇಲ್ಲದವರು ಇದನ್ನು ಕಡೆಗಣಿಸುವಂತಿಲ್ಲ. 4060 ಆದರೆ ಯುಪಿಎಸ್ ಮೇಲಿನ ಹೊರೆಯೂ ತಗ್ಗುತ್ತದೆ.

ಎರಡನೆಯ ಉತ್ತರ: ಒಪ್ಪುತ್ತೇನೆ ಸರ್. ಆದರೆ ರೇ ಟ್ರೇಸಿಂಗ್ (ಆಟದಲ್ಲಿ ಬೆಳಕು-ನೆರಳನ್ನು ನೈಜವಾಗಿ ತೋರಿಸುವ ತಂತ್ರ) ಬೇಡವೆನ್ನುವವರಿಗೆ ವೇಗದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಬೆಲೆ ಸಾಕಷ್ಟು ಕಡಿಮೆಯಿದ್ದರೆ 7600 ಕೊಳ್ಳಬಹುದು.

ಪ್ರಶ್ನೆ ಕೇಳಿದವರು: ನನ್ನ ಮದರ್‌ಬೋರ್ಡ್ ಹಳೆಯದು, ಪಿಸಿಐಇ 3.0 (ಕಾರ್ಡ್ ಕೂರಿಸುವ ಸ್ಲಾಟಿನ ಹಳೆಯ, ನಿಧಾನದ ಆವೃತ್ತಿ) ಮಾತ್ರ ಇದೆ.

ಮೊದಲ ಉತ್ತರ ಕೊಟ್ಟವರು: ಎರಡೂ ಕಾರ್ಡುಗಳು ಆ ಸ್ಲಾಟಿನ 8 ಲೇನ್‌ಗಳನ್ನಷ್ಟೇ (ಮಾಹಿತಿ ಸಾಗುವ ಹಾದಿಗಳನ್ನಷ್ಟೇ) ಬಳಸುವುದರಿಂದ ಎರಡಕ್ಕೂ ತುಸು ನಷ್ಟವಾದೀತು, ಆ ಕಾರಣಕ್ಕೆ ಆಯ್ಕೆ ಬದಲಿಸಬೇಕಿಲ್ಲ.