ಪಡಿತರ ಅಕ್ಕಿ ಕಾನೂನಿನ ಹಕ್ಕೇ, ಸರ್ಕಾರದ ಯೋಜನೆಯೇ?

ಹೇಮಾವತಿ_ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಪಡಿತರ ಅಕ್ಕಿಯ ಬಗ್ಗೆ ಚರ್ಚೆ ನಡೆಯಿತು. ಸರ್ಕಾರ ಬದಲಾದರೆ ಅಕ್ಕಿಯೂ ನಿಂತುಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ವಿಶ್ವ ವ್ಯಾಪಾರ ಸಂಸ್ಥೆಯ ಒತ್ತಡಕ್ಕೆ ಮಣಿದು ಕೇಂದ್ರವೇ ಇದನ್ನು ನಿಲ್ಲಿಸಬೇಕಾಗಬಹುದು ಎಂದು ಕಾಲೇಜು ಓದುವ ಹುಡುಗಿಯೊಬ್ಬಳು ಹೇಳಿದಳು. ಕೂಲಿ ಮಾಡಿ ಬೆರಳಿನ ಗೆರೆಗಳೇ ಸವೆದುಹೋದ ಅಜ್ಜಿಯೊಬ್ಬರು, ಸೊಸೈಟಿಯಲ್ಲಿ ‘ಥಂಬ್’ ಬಾರದೆ ಬರಿಗೈಯಲ್ಲಿ ಹಿಂದಿರುಗಿದ್ದನ್ನು ಹೇಳಿಕೊಂಡರು. ಆ ತಿಂಗಳ ಅಕ್ಕಿಯನ್ನು ಕೇಳುವ ಹಕ್ಕು ಅವರಿಗಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ತುಂಗಾತೀರ

ಖಂಡಿತ ಇದೆ ಮೇಡಂ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ (ಬಿಪಿಎಲ್ ಕಾರ್ಡಿನ) ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ (ಕಡುಬಡವರ) ಕುಟುಂಬಕ್ಕೆ 35 ಕೆ.ಜಿ. ಧಾನ್ಯ ಸಲ್ಲಬೇಕು. ಇದನ್ನು ನಿಲ್ಲಿಸಬೇಕಾದರೆ ಸಂಸತ್ತು ಕಾಯ್ದೆಯನ್ನೇ ತಿದ್ದಬೇಕಾಗುತ್ತದೆ. ಆದರೆ ‘ಉಚಿತ’ ಎಂಬ ಮಾತು ಆ ಹಕ್ಕಿನಲ್ಲಿ ಸೇರಿಲ್ಲ. ಕಾಯ್ದೆ ಬಂದಾಗ ಅಕ್ಕಿಗೆ 3, ಗೋಧಿಗೆ 2, ಸಿರಿಧಾನ್ಯಕ್ಕೆ 1 ರೂಪಾಯಿ ಎಂದು ದರವಿತ್ತು. 2023ರ ಜನವರಿಯಿಂದ ಉಚಿತವಾಗಿ ಕೊಡುತ್ತಿರುವುದು ಕೇಂದ್ರ ಸಂಪುಟದ ತೀರ್ಮಾನದಿಂದ. ಅನ್ನಭಾಗ್ಯದಡಿ ಇದರ ಮೇಲೆ ಸಿಗುವ ಹೆಚ್ಚುವರಿ ಪಾಲು ರಾಜ್ಯದ ಯೋಜನೆಯಾದ್ದರಿಂದ ಅದಕ್ಕೆ ಈ ಕಾಯ್ದೆಯ ರಕ್ಷಣೆಯಿಲ್ಲ. 2023ರ ಜೂನ್‌ನಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ, ರಾಜ್ಯವು ಹೆಚ್ಚುವರಿ 5 ಕೆ.ಜಿ.ಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ಹಣವನ್ನು ಖಾತೆಗೆ ಹಾಕಿದ್ದು ನಿಮಗೆ ನೆನಪಿರಬಹುದು.

ಅಜ್ಜಿಯ ವಿಷಯದಲ್ಲಿ, ಬೆರಳಚ್ಚು ಹೊಂದದಿದ್ದರೆ ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರವು 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಧಾನ್ಯ ಸಿಗದೇ ಹೋದರೆ ಅದರ ಬದಲಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಕಾಯ್ದೆಯ 8ನೇ ಪ್ರಕರಣ ಹೇಳುತ್ತದೆ. ದೂರನ್ನು ಬರಹದಲ್ಲಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಕೊಡಿಸಿ, ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಿ.

ನನ್ನನ್ನು ಹೆಚ್ಚು ಕಾಡುವುದು ಕಾರ್ಡೇ ಸಿಗದವರ ಪಾಡು. ಗ್ರಾಮೀಣ ಜನಸಂಖ್ಯೆಯ ಶೇ. 75, ನಗರದ ಶೇ. 50 ಎಂಬ ಮಿತಿಯನ್ನು 2011ರ ಜನಗಣತಿಗೆ ಅನ್ವಯಿಸಿ ದೇಶಕ್ಕೆಲ್ಲ ಸುಮಾರು 81 ಕೋಟಿ ಜನ ಎಂದು ನಿಗದಿಪಡಿಸಲಾಯಿತು. 2021ರ ಜನಗಣತಿ ಮುಂದಕ್ಕೆ ಹೋದದ್ದರಿಂದ ಆ ಲೆಕ್ಕ ಅಲ್ಲೇ ನಿಂತಿದೆ. ಆಮೇಲೆ ಹುಟ್ಟಿದ ಮಕ್ಕಳ ಹಸಿವು ಯಾವ ಲೆಕ್ಕಕ್ಕೂ ಸಿಗದಿರುವುದು ಅನ್ಯಾಯವೇ ಸರಿ.

ಹೇಮಾವತಿ_ದಡ

ಧನ್ಯವಾದಗಳು ಸರ್. ದೂರಿನ ಪ್ರತಿಗೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಲು ಅಜ್ಜಿಗೆ ಹೇಳುತ್ತೇನೆ. ವಿಶ್ವ ವ್ಯಾಪಾರ ಸಂಸ್ಥೆಯ ವಿಷಯವನ್ನೂ ಯಾರಾದರೂ ವಿವರಿಸಬಹುದೇ?

ಕಣಜ_ಕಾಯುವವ

ಬಡವರಿಗೆ ಅಕ್ಕಿ ಕೊಡುವುದಕ್ಕೆ ಅಲ್ಲಿ ತಕರಾರಿಲ್ಲ; ಅದನ್ನು ರೈತರಿಂದ ಬೆಂಬಲ ಬೆಲೆಗೆ ಕೊಂಡು ದಾಸ್ತಾನು ಮಾಡುವುದಕ್ಕೆ ತಕರಾರಿದೆ. ಇಂತಹ ಬೆಂಬಲವು ಆ ಬೆಳೆಯ ಒಟ್ಟು ಮೌಲ್ಯದ ಶೇ. 10ನ್ನು ಮೀರಬಾರದೆಂಬ ನಿಯಮವಿದ್ದು, ಅದನ್ನು ಇಂದಿಗೂ 1986–88ರ ಬೆಲೆಗಳೊಡನೆ ಹೋಲಿಸಿ ಅಳೆಯುತ್ತಾರೆ. ಅಷ್ಟು ಹಳೆಯ ಬೆಲೆಗೆ ಹೋಲಿಸಿದರೆ ಇಂದಿನ ಯಾವ ಬೆಂಬಲ ಬೆಲೆಯೂ ವಿಪರೀತವೆಂದೇ ಕಾಣುತ್ತದೆ. 2013ರ ಬಾಲಿ ಸಮ್ಮೇಳನದ ಒಪ್ಪಂದದಂತೆ, ಆಗಲೇ ಜಾರಿಯಲ್ಲಿದ್ದ ಇಂತಹ ಯೋಜನೆಗಳ ವಿರುದ್ಧ, ಷರತ್ತುಗಳನ್ನು ಪಾಲಿಸುತ್ತಿರುವವರೆಗೂ, ದಾವೆ ಹೂಡುವಂತಿಲ್ಲ. ಶಾಶ್ವತ ಪರಿಹಾರ ಸಿಗುವವರೆಗೆ ಈ ರಕ್ಷಣೆ ಮುಂದುವರಿಯುತ್ತದೆಂದು 2014ರಲ್ಲಿ ಸ್ಪಷ್ಟಪಡಿಸಲಾಯಿತು. 2018–19ರಲ್ಲಿ ಅಕ್ಕಿಯ ಬೆಂಬಲ ಮಿತಿ ಮೀರಿದಾಗ ಭಾರತ ಇದನ್ನೇ ಬಳಸಿಕೊಂಡಿತು. ಆದ್ದರಿಂದ ಆ ಹುಡುಗಿಯ ಆತಂಕಕ್ಕೆ ಆಧಾರವಿದ್ದರೂ ಸದ್ಯಕ್ಕೆ ಅಪಾಯವಿಲ್ಲ.

ಆದರೆ ನಮ್ಮ ಹೊಣೆಯನ್ನೂ ಮರೆಯಬಾರದು. ವಿಶ್ವದ ಅಕ್ಕಿ ರಫ್ತಿನಲ್ಲಿ ಭಾರತದ ಪಾಲು ಸುಮಾರು ಶೇ. 40. 2023ರ ಜುಲೈನಲ್ಲಿ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ಜಾಗತಿಕ ಬೆಲೆ ಏರಿ, ಆಮದು ಅಕ್ಕಿಯನ್ನೇ ನಂಬಿದ ಬಡ ದೇಶಗಳಿಗೆ ಪೆಟ್ಟು ಬಿತ್ತು. ಸರ್ಕಾರಗಳು ಕೋರಿದರೆ ಕಳುಹಿಸುವ ಅವಕಾಶ ಇತ್ತಾದರೂ, ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಇಂತಹ ಹಠಾತ್ ನಿರ್ಧಾರಗಳ ಬದಲು ದಾಸ್ತಾನಿನ ಮಟ್ಟಕ್ಕೆ ತಕ್ಕಂತೆ ಮುಂಚಿತವಾಗಿ ಪ್ರಕಟಿಸಿದ ನಿಯಮ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ರಾಗಿ_ಹೊಲ

ಒಂದು ಮಾತು ಸೇರಿಸುತ್ತೇನೆ. ಕಾಯ್ದೆ ಹೇಳುವುದು ಧಾನ್ಯ ಎಂದೇ ಹೊರತು ಅಕ್ಕಿಯನ್ನು ಮಾತ್ರವಲ್ಲ. ನಮ್ಮ ಕಡೆ ಹಿಂದೆ ಹಗೇವಿನಲ್ಲಿ (ನೆಲದೊಳಗಿನ ಧಾನ್ಯದ ಕಣಜದಲ್ಲಿ) ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ರಾಗಿಯನ್ನು ರಾಜ್ಯವು ಬೆಂಬಲ ಬೆಲೆಗೆ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರಕ್ಕೂ, ಜೋಳವನ್ನು ಉತ್ತರದ ಜಿಲ್ಲೆಗಳಿಗೂ ಕೊಟ್ಟಿದೆ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಸಾಮಾನ್ಯ ಭತ್ತದ್ದು 2,369. ಬೆಲೆ ಚೆನ್ನಾಗಿದ್ದರೂ, ಫ್ರೂಟ್ಸ್ ಸಂಖ್ಯೆ (ರಾಜ್ಯದ ರೈತ ನೋಂದಣಿ ಸಂಖ್ಯೆ) ಇಲ್ಲದ ಗೇಣಿದಾರನು ಖರೀದಿ ಕೇಂದ್ರದಲ್ಲಿ ತನ್ನ ಹೆಸರಿನಲ್ಲಿ ಮಾರಲು ಪರದಾಡುತ್ತಾನೆ. ಮೇಡಂ, ಪಡಿತರದ ಸಾಮಾಜಿಕ ಲೆಕ್ಕಪರಿಶೋಧನೆಗೆ, ಅಂದರೆ ಊರವರ ಎದುರೇ ಲೆಕ್ಕ ಪರಿಶೀಲಿಸುವುದಕ್ಕೆ, ಕಾಯ್ದೆಯ 28ನೇ ಪ್ರಕರಣದಲ್ಲಿ ಅವಕಾಶವಿದೆ. ಗ್ರಾಮಸಭೆಯಲ್ಲಿ ಅದನ್ನು ಕೇಳುವಾಗ, ಥಂಬ್ ಬಾರದವರ ಪಟ್ಟಿಯ ಜೊತೆಗೆ ನಿಮ್ಮ ಸೊಸೈಟಿಗೆ ಎಷ್ಟು ರಾಗಿ ಹಂಚಿಕೆಯಾಯಿತು, ಎಷ್ಟು ಬಂತು ಎಂಬ ಲೆಕ್ಕವನ್ನೂ ಕೇಳಿ.