ಗ್ಯಾರಂಟಿ 70 ತಾಸು ಬಿಟ್ಟು 40ಕ್ಕ ಸಹಿ ಹಾಕಬೇಕೇನ್ರಿ? (ಪೈಲಟ್ ಕರಾರು)

ಚಿತ್ತಾಪುರದವ:
ನಮಸ್ಕಾರ್ರಿ. ಎ-320 ವಿಮಾನದ ಫಸ್ಟ್ ಆಫೀಸರ್ (ಸಹ-ಪೈಲಟ್) ಇದ್ದೀನಿ, ಎಟಿಪಿಎಲ್ (ಕ್ಯಾಪ್ಟನ್ ಆಗಾಕ ಬೇಕಾದ ಲೈಸೆನ್ಸ್) ಆಗ್ಯದ. ಈಗಿನ ಕರಾರಿನಾಗ ತಾಸಿಗೆ 3,000 ರೂಪಾಯಿ, ತಿಂಗಳಿಗೆ 70 ತಾಸಿನ ಪಗಾರ ಗ್ಯಾರಂಟಿ. ಕಂಪನಿ ಹಾರಿಸಲಿ ಬಿಡಲಿ, ಅಷ್ಟು ಬಂದೇ ಬರ್ತದ. ಹೊಸ ಕರಾರಿನಾಗ ತಾಸಿಗೆ 3,500, ಗ್ಯಾರಂಟಿ 40 ತಾಸು ಮಾತ್ರ. ಸಹಿ ಹಾಕಿದ್ರ 5 ಲಕ್ಷ ಇಡಗಂಟು. 3 ವರ್ಷದೊಳಗ ಬಿಟ್ರ ಆ 5 ಲಕ್ಷ ವಾಪಸ್, ಮ್ಯಾಲ 15 ಲಕ್ಷ ದಂಡ. ಭದ್ರತೆಗೆ ಎರಡು ಖಾಲಿ ಚೆಕ್ ಕೇಳ್ಯಾರ. ಟ್ರೈನಿಂಗ್ ಸಾಲ 55 ಲಕ್ಷ ಅದ, ಕಂತು 61,000 ಹತ್ರ. ಅಪ್ಪಾಜಿ ಹೆಸರಿನ ತೊಗರಿ ಹೊಲ ಬ್ಯಾಂಕಿನಾಗ ಅಡವು ಅದ. ಮನ್ಯಾಗ ಎಲ್ಲಾರೂ 5 ಲಕ್ಷ ತಗೋ ಅಂತಾರ. ತಿಳಿದವರು ಹೇಳ್ರಿ.

ಸೇಡಂ ರೋಡ್:
ಮೊದಲು ಲೆಕ್ಕ ಹಾಕ್ರಿ. 75 ತಾಸು ಹಾರಿದ ತಿಂಗಳು ಹಳೇದ್ರಾಗ 2,25,000, ಹೊಸದ್ರಾಗ 2,62,500. ಕಂಪನಿಯವರು ತೋರಿಸೋದು ಇದೊಂದೇ ಲೆಕ್ಕ. 35 ತಾಸು ಹಾರಿದ ತಿಂಗಳು ಹಳೇದು 2,10,000, ಹೊಸದು 1,40,000. 70,000 ಖೋತಾ. ಅಂಥ ಏಳು ತಿಂಗಳು ಬಂದ್ರ 4,90,000 ಹೋಯ್ತು, ಅಂದ್ರ ಇಡಗಂಟು ಪೂರಾ ಕರಗಿತು.

ಎರಡೂ ಸರಿಸಮ ಬರೋದು 60 ತಾಸಿಗೆ. ಹಿಂದಿನ 24 ತಿಂಗಳ ಲಾಗ್‌ಬುಕ್ ತೆಗೆದು, 60ರ ಕೆಳಗ ಎಷ್ಟು ತಿಂಗಳು ಬಿದ್ದಾವ ಎಣಸ್ರಿ. ಜುಲೈನಿಂದ ಸೆಪ್ಟೆಂಬರ್ ತನಕ ಸೀಸನ್ ಮಂದ. ರಜೆ, ಸಿಮ್ಯುಲೇಟರ್ ಚೆಕ್, ಮೆಡಿಕಲ್‌ನಾಗ ತಾತ್ಕಾಲಿಕ ಅನ್‌ಫಿಟ್, ಇವೆಲ್ಲ ತಾಸು ತಿಂತಾವ. ಇವು ನಿಮ್ಮ ಕೈಯಾಗಿಲ್ಲ. ರೋಸ್ಟರ್ ಬರೆಯೋರೂ ಅವರೇ, ತಾಸು ಕಡಿಮೆಯಾದ್ರ ಉಳಿತಾಯ ಆಗೋದೂ ಅವರಿಗೇ. ನನಗ ಖರೇ ಚಿಂತೆ ಇದ್ರದೇ.

ಲಾಭಕ್ಕ ಮಿತಿ ಅದ ಅನ್ನೋದೂ ನೋಡ್ರಿ. ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ಪ್ರಕಾರ ವರ್ಷಕ್ಕ 1,000 ತಾಸಿನ ಮ್ಯಾಲ ಹಾರೋ ಹಂಗಿಲ್ಲ, ಸರಾಸರಿ ತಿಂಗಳಿಗೆ 83. ಎಷ್ಟೇ ಹಾರಿದ್ರೂ ಹೊಸ ಕರಾರಿನ ಹೆಚ್ಚುವರಿ ತಿಂಗಳಿಗೆ ಸರಾಸರಿ 41,700 ದಾಟೂದಿಲ್ಲ. ಲುಕ್ಸಾನು 70,000 ತನಕ ಹೋಗ್ತದ.

ಇನ್ನೊಂದು, 5 ಲಕ್ಷದಾಗ 30% ತೆರಿಗೆ, ಅದ್ರ ಮ್ಯಾಲ 4% ಸೆಸ್ ಕಡಿದು ಕೈಗೆ ಬರೋದು 3,44,000. ಬಿಟ್ಟು ಹೋಗುವಾಗ ಕೇಳೋದು ಪೂರಾ 5 ಲಕ್ಷ. ಕಟ್ಟಿದ ಟಿಡಿಎಸ್ ವಾಪಸ್ ತಗೊಳ್ಳೋದು ದೊಡ್ಡ ತಲೆನೋವು. "ಕೈಗೆ ಬಂದ ಮೊತ್ತವಷ್ಟೇ ವಾಪಸ್" ಅಂತ ಬರೆಸ್ಕೊಳ್ರಿ.

ಬೀದರ್ ವಕೀಲ:
ಖಾಲಿ ಚೆಕ್ ಮಾತ್ರ ಕೊಡಲೇಬೇಡಿ. ಸಹಿ ಮಾಡಿದ ಖಾಲಿ ಚೆಕ್ಕಿನಲ್ಲಿ ಮೊತ್ತವನ್ನು ಬೇರೆಯವರು ತುಂಬಿದರೂ ಅದು ಸಾಲಕ್ಕೆಂದೇ ಕೊಟ್ಟದ್ದು ಎಂಬ ಊಹೆ ನಿಮ್ಮ ವಿರುದ್ಧ ನಿಲ್ಲುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚೆಕ್ ಬೌನ್ಸ್ ಆಗಿ, ನೋಟಿಸ್ ತಲುಪಿದ 15 ದಿನದೊಳಗೆ ಹಣ ಕಟ್ಟದಿದ್ದರೆ ಚೆಕ್ ಕಾಯ್ದೆಯ (ನೆಗೋಶಿಯೇಬಲ್ ಇನ್ಸ್ಟ್ರುಮೆಂಟ್ಸ್ ಆ್ಯಕ್ಟ್) ಸೆಕ್ಷನ್ 138ರ ಕ್ರಿಮಿನಲ್ ಕೇಸು. ಸಿವಿಲ್ ಬಾಕಿಯಾಗಿ ಉಳಿಯಬೇಕಾದ್ದು ಜೈಲಿನ ಭಯವಾಗುತ್ತದೆ. ಅನಿವಾರ್ಯವಾದರೆ ಮೊತ್ತ, ಕಂಪನಿ ಹೆಸರು ನೀವೇ ಬರೆದು, ಅಕೌಂಟ್ ಪೇಯಿ ಗೆರೆ ಎಳೆದು, ಯಾವ ಷರತ್ತಿಗೆ ಕೊಟ್ಟದ್ದು ಎಂಬ ಪತ್ರಕ್ಕೆ ಅವರ ಸಹಿ ಪಡೆಯಿರಿ. ಚೆಕ್ ನಂಬರ್ ಪತ್ರದಲ್ಲಿರಲಿ.

ದಂಡದ ವಿಷಯ. ಬಾಂಡ್ (ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ದಂಡ ಎಂಬ ಕರಾರು) ಅಂದರೆ ಕಾಗದವಷ್ಟೇ ಎಂದು ನಂಬಬೇಡಿ. ಮೂರು ವರ್ಷದೊಳಗೆ ಬಿಟ್ಟ ಬ್ಯಾಂಕ್ ನೌಕರರೊಬ್ಬರ 2 ಲಕ್ಷದ ಬಾಂಡನ್ನು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ನಿಮ್ಮ ಟೈಪ್ ರೇಟಿಂಗ್ (ಆ ಮಾದರಿ ವಿಮಾನ ಹಾರಿಸುವ ಅರ್ಹತೆ) ಈಗಾಗಲೇ ಆಗಿದೆ. ಹೊಸ ತರಬೇತಿಗೆ ಖರ್ಚೇ ಮಾಡದೆ 15 ಲಕ್ಷ ಯಾವ ನಷ್ಟಕ್ಕೆ ಎಂದು ಲಿಖಿತವಾಗಿ ಕೇಳಿ. ವರ್ಷಕ್ಕೆ 5 ಲಕ್ಷದಂತೆ ಇಳಿಯಲಿ ಎಂದೂ ಕೇಳಿ.

ಕೆಲಸ ಬಿಡುವ ಮುನ್ನ ಕೊಡಬೇಕಾದ ನೋಟಿಸ್ ಬೇರೆ ವಿಷಯ, ಬಾಂಡ್ ಮುಗಿದರೂ ಅದು ಇರುತ್ತದೆ. ಡಿಜಿಸಿಎ ನಿಯಮದಲ್ಲಿ ಫಸ್ಟ್ ಆಫೀಸರ್‌ಗೆ 6 ತಿಂಗಳು, ಕ್ಯಾಪ್ಟನ್‌ಗೆ 2017ರಿಂದ 1 ವರ್ಷ. 3 ವರ್ಷದೊಳಗೆ ಕಮಾಂಡ್ (ಕ್ಯಾಪ್ಟನ್ ಬಡ್ತಿ) ಬಂದರೆ ನಿಮ್ಮ ನೋಟಿಸ್ ದುಪ್ಪಟ್ಟು. ಕಂಪನಿ ಒಪ್ಪಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಕೊಟ್ಟರೆ ಮಾತ್ರ ಅದಕ್ಕೂ ಮೊದಲು ಬಿಡಬಹುದು. 2023ರಲ್ಲಿ ನೋಟಿಸ್ ಪೂರೈಸದೆ ಹೊರಟ 43 ಪೈಲಟ್‌ಗಳ ವಿಚಾರದಲ್ಲಿ ಆಕಾಸ ಏರ್ ಕೋರ್ಟಿಗೇ ಹೋಯಿತು.

ಯಾದಗಿರಿ ಕೋಟೆ:
ಇದೇ 70ರಿಂದ 40ರ ಜಗಳಕ್ಕೇ 2024ರ ಏಪ್ರಿಲ್‌ನಾಗ ವಿಸ್ತಾರಾ ವಿಮಾನಗಳು ಸಾಲಾಗಿ ರದ್ದಾಗಿದ್ದು. ಅಲ್ಲಿ ಏರ್ ಇಂಡಿಯಾ ಜೋಡಿ ವಿಲೀನ ನಡೆದಿತ್ತು. ನಿಮ್ಮಲ್ಲೂ ವಿಲೀನದ ಮಾತಿದ್ರ ಸೀನಿಯಾರಿಟಿ ನಂಬರ್ (ಬಡ್ತಿಯ ಸರದಿ) ಹೆಂಗ ಕೂಡಸ್ತಾರ ಕೇಳ್ರಿ. ಕಮಾಂಡ್ ಎರಡು ವರ್ಷ ತಡ ಆಯ್ತಂದ್ರ 5 ಲಕ್ಷ ಲೆಕ್ಕಕ್ಕೇ ಇಲ್ಲ.

ಕಂಪನಿ ಮುಳುಗಿದ್ರ ಅನ್ನೋದಕ್ಕೂ ಒಂದು ಸಾಲು ಹಾಕಸ್ರಿ: ಎರಡು ತಿಂಗಳ ಪಗಾರ ಬಾಕಿ ಉಳಿದ್ರ ಬಾಂಡ್ ರದ್ದು, ಚೆಕ್ ವಾಪಸ್. ಜೆಟ್ ಏರ್‌ವೇಸ್ ಹಾರಾಟ ನಿಂತಿದ್ದು 2019ರ ಏಪ್ರಿಲ್‌ನಾಗ, ಲಿಕ್ವಿಡೇಶನ್ (ಆಸ್ತಿ ಮಾರಿ ಕಂಪನಿ ಮುಚ್ಚೋ) ಆದೇಶ ಬಂದಿದ್ದು 2024ರ ನವೆಂಬರ್‌ನಾಗ. ಗೋ ಫಸ್ಟ್ 2023ರ ಮೇನಾಗ ದಿವಾಳಿ ಅರ್ಜಿ ಹಾಕಿದ್ದು ಇಂಜಿನ್ ಸಿಗದೆ ವಿಮಾನ ನಿಂತಿದ್ದಕ್ಕ. ಅಂಥ ಹೊತ್ತಿನಾಗ ಪೈಲಟ್‌ನ ಕಾಯೋದು ಗ್ಯಾರಂಟಿ ತಾಸು ಮತ್ತ ಬಿಟ್ಟು ಹೋಗೋ ಹಾದಿ. ಈ ಕರಾರು ಎರಡನ್ನೂ ಕಸ್ಕೋತದ.

ಚಿತ್ತಾಪುರದವ:
ಲಾಗ್‌ಬುಕ್ ನೋಡಿದೆ, 24ರಾಗ 9 ತಿಂಗಳು 60ರ ಕೆಳಗ ಅವ. 5 ಲಕ್ಷ ಸಾಲಕ್ಕ ಕಟ್ಟಿದ್ರ ಹೊಲದ ಅಡವು ಸ್ವಲ್ಪರೇ ಬಿಡ್ತಾರೇನ್ರಿ?

ಸೇಡಂ ರೋಡ್:
ಸಾಮಾನ್ಯವಾಗಿ ಇಲ್ರಿ, ಸಾಲ ಪೂರಾ ತೀರಿದ ಮ್ಯಾಲೇ ಅಡವು ಬಿಡೋದು. 3,44,000 ಅಂದ್ರ ಐದೂವರೆ ಕಂತು, ಅಷ್ಟೇ. ಅಪ್ಪಾಜಿಯವರಿಗೆ ಈ ಲೆಕ್ಕ ಹಾಳಿ ಮ್ಯಾಲ ಬರೆದು ತೋರಸ್ರಿ. ಕಂಪನಿಗೆ ಇಮೇಲ್‌ನಾಗೇ ಕೇಳ್ರಿ, ಫೋನಿನಾಗ ಬ್ಯಾಡ: ಇಡಗಂಟು ಬ್ಯಾಡ, ಗ್ಯಾರಂಟಿ 60 ತಾಸು ಮಾಡ್ರಿ ಅಂತ. ಬ್ಯಾಚಿನವರು ಎಲ್ಲಾರೂ ಕೂಡಿ ಒಂದೇ ದಿನ ಕಳಸ್ರಿ. ಒಪ್ಪದಿದ್ರ ಹಳೇ ಕರಾರಿನ ಮುಗಿಯೋ ತಾರೀಖು ನೋಡ್ಕೊಂಡು, ಅಲ್ಲೀ ತನಕ ಅದ್ರಾಗೇ ಇರ್ರಿ.