ನೂನ್ ಚಾಯ್ ಗುಲಾಬಿ ಬಣ್ಣಕ್ಕೆ ಬರುತ್ತಲೇ ಇಲ್ಲ, ಮೂರು ಸಲ ಮಾಡಿದೆ, ಎಲ್ಲಿ ತಪ್ಪುತ್ತಿದೆ?

ಮಲ್ಲಿಗೆಹೂ | ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕಾಶ್ಮೀರದ ಉಪ್ಪಿನ ಟೀ ಇದೆಯಲ್ಲ, ನೂನ್ ಚಾಯ್, ಅದನ್ನು ಮನೆಯಲ್ಲಿ ಮಾಡಲು ಹೋಗಿ ಮೂರು ಸಲವೂ ಕೆಟ್ಟಿತು. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಹೋದ ವರ್ಷ ಶ್ರೀನಗರಕ್ಕೆ ಹೋದಾಗ ರೈನಾವಾರಿಯಲ್ಲಿ ಒಂದು ಮನೆಯಲ್ಲಿ ಉಳಿದಿದ್ದೆವು. ಆ ಮನೆಯ ಅಮ್ಮ ಬೆಳಗ್ಗೆ ಕೊಡುತ್ತಿದ್ದ ಟೀ ಪನ್ನೀರು ಗುಲಾಬಿ ಎಸಳಿನ ಬಣ್ಣ. ಮೇಲೆ ಒಂದು ತುಂಡು ಕೆನೆ, ಪಕ್ಕದಲ್ಲಿ ಬೀದಿ ಕೊನೆಯ ಬೇಕರಿಯಿಂದ ತಂದ ಬಿಸಿ ರೊಟ್ಟಿ. ಬರುವಾಗ ಎಲೆಯನ್ನೂ ಅಲ್ಲಿಂದಲೇ ಕಾಲು ಕೆಜಿ ತಂದೆ. ಈಗ ನಮ್ಮ ಆಫೀಸಿನಲ್ಲಿ ಬಾರಾಮುಲ್ಲಾದ ಒಬ್ಬ ಹುಡುಗಿ ಇದ್ದಾಳೆ, ಊರಿಗೆ ಹೋಗಿ ಒಂದೂವರೆ ವರ್ಷವಾಯಿತಂತೆ, ಮುಂದಿನ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ಅವಳಿಗೆ ಈ ಟೀ ಕೊಡಬೇಕು ಅಂತ ಆಸೆ. ಅವಳನ್ನೇ ಕೇಳೋಣ ಅಂದರೆ, ಅಮ್ಮ ಮಾಡುತ್ತಿದ್ದಳು, ನಾನು ಕುಡಿಯುತ್ತಿದ್ದೆ ಅಷ್ಟೇ ಅನ್ನುತ್ತಾಳೆ.

ನಾನು ಮಾಡಿದ್ದು ಹೀಗೆ: 2 ಚಮಚ ಎಲೆ, 2 ಲೋಟ ನೀರು, ಕಾಲು ಚಮಚ ಸೋಡಾ. ಹತ್ತು ನಿಮಿಷ ಕುದಿಸಿ, ಒಂದು ಲೋಟ ಹಾಲು ಹಾಕಿ, ಉಪ್ಪು ಹಾಕಿದೆ. ಬಣ್ಣ ಹೆಸರುಕಾಳಿನ ಕಟ್ಟಿನ ಹಾಗೆ ಬರುತ್ತಿದೆ. ಗುಲಾಬಿಯ ಸುಳಿವೇ ಇಲ್ಲ.

ಒಲೆಮುಂದೆ | ಸೋಮವಾರ ರಾತ್ರಿ

ಮೊದಲು ಮೂರು ಪ್ರಶ್ನೆ. ಎಲೆ ನಿಜವಾಗಲೂ ಹಸಿರು ಟೀ ಎಲೆಯೇನಾ? ನಾವು ದಿನಾ ಕುಡಿಯುವ ಟೀ ಪುಡಿಯಲ್ಲಿ ಇದು ಆಗುವುದಿಲ್ಲ, ಅದು ಕಾರ್ಖಾನೆಯಲ್ಲೇ ಕಪ್ಪಾಗಿ ಬಂದಿರುತ್ತದೆ, ಕಂದು ಬಿಟ್ಟು ಬೇರೆ ಬಣ್ಣ ಕೊಡುವುದಿಲ್ಲ. ನಿಂಬೆ, ಶುಂಠಿ ಪರಿಮಳ ಸೇರಿಸಿದ ಗ್ರೀನ್ ಟೀ ಬ್ಯಾಗ್ ಕೂಡ ಬೇಡ. ಎರಡನೆಯದು, ಯಾವ ಪಾತ್ರೆ? ಮೂರನೆಯದು, ಹತ್ತೇ ನಿಮಿಷ ಕುದಿಸಿದಿರಾ? ನನಗೆ ಅಲ್ಲೇ ಅನುಮಾನ.

ಬೆಲ್ಲದಚ್ಚು | ಮಂಗಳವಾರ ಬೆಳಗ್ಗೆ

ಭಾನುವಾರಕ್ಕೆ ಆಗಲೇಬೇಕು ಅಂದರೆ ಅರ್ಧ ಚಮಚ ಬೀಟ್‌ರೂಟ್ ರಸ ಹಾಕಿಬಿಡಿ ಮೇಡಂ. ನಮ್ಮ ಅಕ್ಕನ ಮನೆಯಲ್ಲಿ ಹಾಗೇ ಮಾಡಿದ್ದರು, ನೋಡಲು ಚೆನ್ನಾಗಿತ್ತು.

ದಾಲ್‌ದಂಡೆ | ಮಂಗಳವಾರ ಮಧ್ಯಾಹ್ನ

ಬೀಟ್‌ರೂಟ್ ಬೇಡ. ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿಯೂ ಬೇಡ. ಬೆಲ್ಲದಚ್ಚು ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಈ ಟೀಯಲ್ಲಿ ಬಣ್ಣ ಅನ್ನುವುದು ಎಲೆ ಸರಿಯಾಗಿ ಬೆಂದಿದೆ ಅಂತ ತೋರಿಸುವ ಗುರುತು. ಹೊರಗಿನಿಂದ ಬಣ್ಣ ಹಾಕಿದರೆ ಆ ಗುರುತೇ ಹೋಗುತ್ತದೆ, ಒಳಗೆ ಹಸಿ ಎಲೆಯ ರುಚಿ ಹಾಗೇ ಉಳಿಯುತ್ತದೆ. ಊರು ಬಿಟ್ಟು ಬಂದ ಹುಡುಗಿಗೆ ಕೊಡುವುದು ಅಂದಿರಲ್ಲ, ಅವಳಿಗೆ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ.

ನಾನು ಮನೆಯವರ ಕೆಲಸದಿಂದಾಗಿ ಶ್ರೀನಗರದಲ್ಲಿ ಆರು ವರ್ಷ ಇದ್ದೆ. ಪಕ್ಕದ ಮನೆಯ ಅಡುಗೆಮನೆಯಲ್ಲಿ ನಿಂತು ನೋಡಿ ಕಲಿತದ್ದು ಇದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಮ್ಮ ಫಿಲ್ಟರ್ ಕಾಫಿಗೆ ಡಿಕಾಕ್ಷನ್ ಹೇಗೋ ಇದಕ್ಕೂ ಹಾಗೇ. ಡಿಕಾಕ್ಷನ್ ಬೇರೆ, ಹಾಲು ಬೇರೆ. ಎಲೆ, ನೀರು, ಸೋಡಾ ಸೇರಿಸಿ ಒಲೆಗಿಟ್ಟರೆ ಮೊದಲು ಹಳದಿ, ಆಮೇಲೆ ಕಂದು, ಅದಾದ ಮೇಲೆ ಕೆಂಪು. ಹತ್ತು ನಿಮಿಷಕ್ಕೆ ನೀವು ಹಳದಿಯಲ್ಲೇ ಹಾಲು ಸುರಿದಿದ್ದೀರಿ. ಸಣ್ಣ ಉರಿಯಲ್ಲಿ ಅರ್ಧ ಗಂಟೆಯಾದರೂ ಬೇಕು, ನೀರು ಅರ್ಧಕ್ಕೆ ಇಳಿಯಬೇಕು. ಆಗ ಒಂದು ಲೋಟ ಐಸ್ ಹಾಕಿದ ತಣ್ಣೀರನ್ನು ಒಮ್ಮೆಗೇ ಸುರಿಯಿರಿ. ಸುರಿದ ತಕ್ಷಣ ಸೌಟು ಹಿಡಿದು ಎತ್ತಿ ಎತ್ತಿ ಹೊಯ್ಯಬೇಕು, ಒಂದು ಮೊಳ ಎತ್ತರದಿಂದ. ಸುಮ್ನೆ ಕಲಕಿದರೆ ಸಾಲದು. ನಮ್ಮ ಪಕ್ಕದ ಮನೆಯ ಅಜ್ಜಿ ಮಾತಾಡುತ್ತಲೇ ಹೊಯ್ಯುತ್ತಿದ್ದರು, ಕಾಲು ಗಂಟೆಯಾದರೂ ಕೈ ನಿಲ್ಲುತ್ತಿರಲಿಲ್ಲ. ನೊರೆ ಮೊದಲು ಬಿಳಿಯಾಗಿರುತ್ತದೆ. ಅದು ಕೆಂಪಗಾದರೆ ಮಾತ್ರ ಮುಂದಕ್ಕೆ ಹೋಗಿ, ಇಲ್ಲದಿದ್ದರೆ ಮತ್ತೆ ಕುದಿಸಿ, ಮತ್ತೆ ತಣ್ಣೀರು, ಮತ್ತೆ ಹೊಯ್ಯುವುದು. ಸ್ಟೀಲ್ ಚಮಚದಲ್ಲಿ ಸ್ವಲ್ಪ ತೆಗೆದು ನೋಡಿ, ದಾಳಿಂಬೆ ರಸದ ಹಾಗಿರಬೇಕು.

ಹಾಲು ಕೆನೆ ಇರುವುದು, ಬೇರೆ ಪಾತ್ರೆಯಲ್ಲಿ ಕಾಯಿಸಿ ಬಿಸಿಯಾಗಿಯೇ ಸೇರಿಸಿ. ಉಪ್ಪು ಕೊನೆಗೆ. ನೂನ್ ಅಂದರೆ ಕಾಶ್ಮೀರಿಯಲ್ಲಿ ಉಪ್ಪು, ಹೆಸರೇ ಉಪ್ಪಿನ ಟೀ. ಕಾಶ್ಮೀರಿ ಪಂಡಿತರ ಮನೆಗಳಲ್ಲಿ ಇದನ್ನೇ ಶೀರ್ ಚಾಯ್ ಅನ್ನುತ್ತಾರೆ, ಶೀರ್ ಅಂದರೆ ಹಾಲು.

ಒಲೆಮುಂದೆ | ಮಂಗಳವಾರ ಸಂಜೆ

ದಾಲ್‌ದಂಡೆ ಅವರೇ, ಸಮಾವರ್ ಬೇಕೇ ಬೇಕಾ?

ದಾಲ್‌ದಂಡೆ | ಮಂಗಳವಾರ ಸಂಜೆ

ಬೇಡ. ಒಳಗೆ ಕೆಂಡ ಹಾಕುವ ತಾಮ್ರದ ಸಮಾವರ್ ಎಷ್ಟೋ ಮನೆಗಳಲ್ಲಿ ಇರುತ್ತದೆ, ಕಲಾಯಿ ಹಾಕಿಸಿರುತ್ತಾರೆ, ಮದುವೆ, ಜನ ಸೇರುವ ದಿನ ಅದು ಬೇಕು. ದಿನದ ಟೀಗೆ ಗ್ಯಾಸ್ ಮೇಲೆ ಪಾತ್ರೆ ಸಾಕು. ಸ್ಟೀಲ್ ಒಳ್ಳೆಯದು. ಅಲ್ಯೂಮಿನಿಯಂ ಬೇಡ, ಸೋಡಾ ಬಿದ್ದರೆ ಪಾತ್ರೆ ಕಪ್ಪಾಗುತ್ತದೆ. ಕಬ್ಬಿಣದ ಬಾಣಲೆಯಂತೂ ಬೇಡವೇ ಬೇಡ, ಟೀಯ ಒಗರು ಕಬ್ಬಿಣಕ್ಕೆ ತಾಗಿದರೆ ಶಾಯಿಯ ಹಾಗೆ ಕಪ್ಪಗಾಗುತ್ತದೆ.

ಮಲ್ಲಿಗೆಹೂ | ಬುಧವಾರ ರಾತ್ರಿ

ದಾಲ್‌ದಂಡೆ ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆ. ಸ್ಟೀಲ್ ಪಾತ್ರೆ, ನಲವತ್ತು ನಿಮಿಷ, ಐಸ್ ನೀರು, ಹೊಯ್ದು ಹೊಯ್ದು ಕೈ ನೋವು ಬಂತು. ಆದರೂ ಹಳದಿ. ಗಾಢ ಹಳದಿ ಆಯಿತು, ಅಷ್ಟೇ. ಕೆಂಪಿನ ಕಡೆ ಹೋಗಲೇ ಇಲ್ಲ. ಎಲೆ ಹಳೆಯದಾಗಿ ಸತ್ವ ಹೋಗಿರಬಹುದಾ? ತಂದು ಹತ್ತು ತಿಂಗಳಾಯಿತು, ಆದರೆ ಡಬ್ಬಿಯಲ್ಲಿ ಗಾಳಿಯಾಡದ ಹಾಗೆ ಇಟ್ಟಿದ್ದೆ.

ಮೇಷ್ಟ್ರುಮನೆ | ಗುರುವಾರ ಬೆಳಗ್ಗೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು, ಈ ಟೀ ಕುಡಿದಿಲ್ಲ. ಆದರೆ ನೀವು ಬರೆದದ್ದನ್ನು ಓದಿದರೆ ನನಗೆ ಎಲೆಯ ಮೇಲೆ ಅನುಮಾನ ಇಲ್ಲ, ಸೋಡಾದ ಮೇಲೆ ಇದೆ.

ಆರತಿ ನೀರು ಮಾಡುತ್ತೇವಲ್ಲ, ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದ ಕೂಡಲೇ ಕೆಂಪಾಗುತ್ತದೆ. ಸುಣ್ಣ ಕ್ಷಾರ, ಅದಕ್ಕೇ. ಅದೇ ನೀರಿಗೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಟೀಯಲ್ಲಿ ಇರುವ ವಸ್ತು ಬೇರೆ, ನಡೆಯುವ ಕ್ರಿಯೆಯೂ ಪೂರ್ತಿ ಅದೇ ಅಲ್ಲ, ಆದರೆ ಅಲ್ಲೂ ಕ್ಷಾರ ಇಲ್ಲದೆ ಕೆಲಸ ನಡೆಯುವುದಿಲ್ಲ. ಹಸಿರು ಎಲೆಯಲ್ಲಿರುವ ಪಾಲಿಫಿನಾಲ್ ಅನ್ನುವ ಒಗರಿನ ವಸ್ತುಗಳು ಕ್ಷಾರದ ನೀರಿನಲ್ಲಿ ಗಾಳಿಯ ಆಮ್ಲಜನಕದ ಜೊತೆ ಬೇಗ ಸೇರಿ ಕೆಂಪಾಗುತ್ತವೆ. ಆ ಅಜ್ಜಿ ಎತ್ತರದಿಂದ ಹೊಯ್ಯುತ್ತಿದ್ದದ್ದು ಇದಕ್ಕೇ, ಗಾಳಿ ಒಳಗೆ ಹೋಗಲಿ ಅಂತ. ಆ ಕೆಂಪಿಗೆ ಹಾಲಿನ ಬಿಳಿ ಸೇರಿದರೆ ಗುಲಾಬಿ. ಈಗ ನಿಮ್ಮಲ್ಲಿ ಎಲೆ ಇದೆ, ಶಾಖ ಇದೆ, ಗಾಳಿ ಇದೆ, ಕೆಂಪು ಮಾತ್ರ ಇಲ್ಲ. ಹಾಗಾದರೆ ಇಲ್ಲದ್ದು ಕ್ಷಾರ ಅಲ್ವಾ?

ಒಂದು ಪರೀಕ್ಷೆ ಮಾಡಿ. ಬಟ್ಟಲಿನಲ್ಲಿ ತಣ್ಣೀರು ತೆಗೆದುಕೊಂಡು ಚಿಟಿಕೆ ಅರಿಶಿನ ಕದಡಿ. ಅದಕ್ಕೆ ನಿಮ್ಮ ಸೋಡಾ ಅರ್ಧ ಚಮಚ ಹಾಕಿ. ನೊರೆ ಇಲ್ಲದೆ ಕರಗಿ, ನೀರು ಕೆಂಪು ಮಿಶ್ರಿತ ಕಂದಾದರೆ ಅದು ಅಡುಗೆ ಸೋಡಾ. ಬುಸ್ ಅಂತ ನೊರೆ ಬಂದು, ನೀರು ಹಳದಿಯಾಗಿಯೇ ಉಳಿದರೆ ಅದು ಬೇಕಿಂಗ್ ಪೌಡರ್.

ಮಲ್ಲಿಗೆಹೂ | ಗುರುವಾರ ರಾತ್ರಿ

ನೊರೆ ಬಂತು. ಹಳದಿಯಾಗಿಯೇ ಇದೆ. ಡಬ್ಬಿಯ ಮೇಲಿನ ಚೀಟಿ ಹರಿದು ಹೋಗಿತ್ತು, ಮಗಳು ಕೇಕ್ ಮಾಡಲು ತಂದದ್ದು. ಮೇಷ್ಟ್ರೇ, ಎರಡೂ ಒಂದೇ ಅಂದುಕೊಂಡಿದ್ದೆ ನಾನು.

ಮೇಷ್ಟ್ರುಮನೆ | ಗುರುವಾರ ರಾತ್ರಿ

ತುಂಬಾ ಜನ ಹಾಗೇ ಅಂದುಕೊಳ್ಳುತ್ತಾರೆ. ಬೇಕಿಂಗ್ ಪೌಡರ್‌ನಲ್ಲಿ ಸೋಡಾದ ಜೊತೆಗೆ ಹುಳಿ ಪುಡಿಯೂ ಇರುತ್ತದೆ, ಹಿಟ್ಟು ಉಬ್ಬಲಿ ಅಂತ. ನೀರು ತಗುಲಿದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ, ಟೀಗೆ ಬೇಕಾದ ಕ್ಷಾರ ಉಳಿಯುವುದಿಲ್ಲ. ನೀವು ಎರಡು ಗಂಟೆ ಕುದಿಸಿದ್ದರೂ ಕೆಂಪಾಗುತ್ತಿರಲಿಲ್ಲ. ಬಜ್ಜಿ, ಬೋಂಡಾಕ್ಕೆ ಹಾಕುವ ಸೋಡಾ ತನ್ನಿ, ದಿನಸಿ ಅಂಗಡಿಯಲ್ಲಿ ಸಿಗುತ್ತದೆ.

ದಾಲ್‌ದಂಡೆ | ಶುಕ್ರವಾರ ಬೆಳಗ್ಗೆ

ಮೇಷ್ಟ್ರಿಗೆ ಧನ್ಯವಾದ, ನನಗೆ ಇದು ಹೊಳೆಯಲೇ ಇಲ್ಲ. ಅಲ್ಲಿ ಹಳೆಯ ಮನೆಗಳಲ್ಲಿ ಫುಲ್ ಅನ್ನುವ ಒಂದು ಕ್ಷಾರ ಹಾಕುತ್ತಾರೆ, ಲಡಾಖ್ ಕಡೆಯ ಮಣ್ಣಿನಿಂದ ಬರುವಂಥದ್ದು. ಈಗ ಹೆಚ್ಚಿನವರು ಅಂಗಡಿಯ ಸೋಡಾವನ್ನೇ ಬಳಸುತ್ತಾರೆ. ಮಲ್ಲಿಗೆಹೂ ಅವರೇ, ಸೋಡಾ ಜಾಸ್ತಿ ಮಾಡಬೇಡಿ, ಕಾಲು ಚಮಚ ದಾಟಬೇಡಿ.

ಮಲ್ಲಿಗೆಹೂ | ಶುಕ್ರವಾರ ರಾತ್ರಿ

ಅಕ್ಕಾ, ನಿಮ್ಮ ಮಾತು ಓದುವ ಮೊದಲೇ ಮಾಡಿಬಿಟ್ಟೆ. ಇಷ್ಟು ದಿನ ಬರಲಿಲ್ಲವಲ್ಲ ಅಂತ ಒಂದು ಚಮಚ ತುಂಬ ಹಾಕಿದೆ. ಹದಿನೈದೇ ನಿಮಿಷಕ್ಕೆ ಕೆಂಪು ಬಂತು, ಖುಷಿಯಿಂದ ಮಗಳನ್ನು ಕರೆದು ತೋರಿಸಿದೆ. ಆದರೆ ಹಾಲು ಹಾಕಿದರೆ ಗುಲಾಬಿ ಅಲ್ಲ, ಇಟ್ಟಿಗೆ ಪುಡಿಯ ಬಣ್ಣ. ಕುಡಿದರೆ ಸೋಪಿನ ನೀರು. ನಾಲಿಗೆಯ ಮೇಲೆ ಜಾರುತ್ತದೆ. ಇದನ್ನು ಸರಿ ಮಾಡಬಹುದಾ?

ದಾಲ್‌ದಂಡೆ | ಶುಕ್ರವಾರ ರಾತ್ರಿ

ಅದನ್ನು ಚೆಲ್ಲಿಬಿಡಿ. ಉಪ್ಪು, ಹಾಲು ಏನು ಹಾಕಿದರೂ ಸೋಡಾದ ರುಚಿ ಹೋಗುವುದಿಲ್ಲ. ನಿಂಬೆ ಹಿಂಡಿದರೆ ಬಣ್ಣವೂ ಹೋಗುತ್ತದೆ, ಹಾಲೂ ಒಡೆಯುತ್ತದೆ.

ನಾಳೆ ಹೀಗೆ ಮಾಡಿ. 2 ಚಮಚ ಎಲೆ, 2 ಲೋಟ ನೀರು, ಕಾಲು ಚಮಚಕ್ಕಿಂತ ಒಂದು ಎಳೆ ಕಡಿಮೆ ಸೋಡಾ, ಎರಡು ಏಲಕ್ಕಿ ಜಜ್ಜಿ ಹಾಕಿ. ಬೋರ್‌ವೆಲ್ ನೀರು ಬೇಡ, ಕುಡಿಯುವ ನೀರನ್ನೇ ಹಾಕಿ, ಗಡಸು ನೀರಿನಲ್ಲಿ ಮೇಲೆ ಎಣ್ಣೆಯ ಹಾಗೆ ಪದರ ಕಟ್ಟುತ್ತದೆ. ಆತುರ ಬೇಡ. ಸೋಡಾ ಜಾಸ್ತಿ ಮಾಡಿ ಹದಿನೈದು ನಿಮಿಷಕ್ಕೆ ತರುವ ಕೆಂಪು ಬೇರೆ, ಸಣ್ಣ ಉರಿಯಲ್ಲಿ ನಿಧಾನಕ್ಕೆ ಬರುವ ಕೆಂಪು ಬೇರೆ. ಸೋಸಿದ ಮೇಲೆ ಡಿಕಾಕ್ಷನ್ ಒಂದೂವರೆ ಲೋಟ ಸಿಕ್ಕರೆ, ಅಷ್ಟೇ ಹಾಲು. ಒಮ್ಮೆಗೇ ಸುರಿಯಬೇಡಿ, ಅರ್ಧ ಲೋಟ ಹಾಕಿ ಬಣ್ಣ ನೋಡಿ, ಮತ್ತೆ ಹಾಕಿ. ಉಪ್ಪು ಅರ್ಧ ಚಮಚದಿಂದ ಶುರು ಮಾಡಿ.

ಮಲ್ಲಿಗೆಹೂ | ಭಾನುವಾರ ರಾತ್ರಿ

ಬಂತು!

ನಿನ್ನೆ ರಾತ್ರಿಯೇ ಡಿಕಾಕ್ಷನ್ ಮಾಡಿಟ್ಟೆ. ಮೂವತ್ತೈದು ನಿಮಿಷಕ್ಕೆ ಕಂದು ಆಯಿತು, ತಣ್ಣೀರು ಹಾಕಿ ಹೊಯ್ಯುವಾಗ ಆರೇಳನೇ ಸೌಟಿಗೆ ಪಾತ್ರೆಯ ಅಂಚಿನ ನೊರೆ ಗುಲಾಬಿಯಾಯಿತು, ಮೊದಲು ಒಂದು ಕಡೆ, ಆಮೇಲೆ ಸುತ್ತಲೂ. ಇನ್ನೊಮ್ಮೆ ಕುದಿಸಿ ಇನ್ನೊಮ್ಮೆ ಹೊಯ್ದೆ. ಇವತ್ತು ಬಿಸಿ ಮಾಡಿ ಹಾಲು ಹಾಕಿದಾಗ ಅದೇ ಪನ್ನೀರು ಗುಲಾಬಿ.

ಹುಡುಗಿ ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಉಪ್ಪು ಇನ್ನೊಂದು ಚಿಟಿಕೆ ಬೇಕು ಅಂದಳು, ಕೊಟ್ಟೆ. ಅವರ ಊರಿನಲ್ಲಿ ಕಾಂದುರ್ ಅಂಗಡಿಯಿಂದ, ಅಂದರೆ ರೊಟ್ಟಿ ಸುಡುವವರ ಬೇಕರಿಯಿಂದ, ಬೆಳಗ್ಗೆ ಗಿರ್ದಾ ಅನ್ನುವ ರೊಟ್ಟಿ, ಮಧ್ಯಾಹ್ನ ಎಳ್ಳು ಹಚ್ಚಿದ ಚೊಚ್ವೊರ್ ರೊಟ್ಟಿ ತಂದು ಇದರಲ್ಲಿ ಅದ್ದಿ ತಿನ್ನುತ್ತಾರಂತೆ. ನನ್ನ ಹತ್ತಿರ ಇದ್ದದ್ದು ಬನ್ನು. ಅದನ್ನೇ ಮುರಿದು ಅದ್ದಿಕೊಂಡು ತಿಂದಳು, ಎರಡನೇ ಲೋಟವನ್ನೂ ಕೇಳಿದಳು. ಎಲ್ಲರಿಗೂ ತುಂಬಾ ಧನ್ಯವಾದ. ಒಂದು ಲೋಟದಷ್ಟು ಡಿಕಾಕ್ಷನ್ ಉಳಿದಿದೆ, ಇಡಬಹುದಾ?

ದಾಲ್‌ದಂಡೆ | ಭಾನುವಾರ ರಾತ್ರಿ

ತುಂಬಾ ಸಂತೋಷ ಆಯಿತು. ಇಡಬಹುದು. ಎಲೆ ಪೂರ್ತಿ ಸೋಸಿ, ಹಾಲು ತಾಗದ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಎರಡು ಮೂರು ದಿನದೊಳಗೆ ಮುಗಿಸಿ. ಬುಧವಾರ ಅವಳಿಗೆ ಫ್ಲಾಸ್ಕ್‌ನಲ್ಲಿ ತೆಗೆದುಕೊಂಡು ಹೋಗಿ, ಉಪ್ಪು ಬೇರೆ ಪೊಟ್ಟಣದಲ್ಲಿ ಕಟ್ಟಿ ಕೊಡಿ, ಅವಳ ಅಳತೆಗೆ ಅವಳೇ ಹಾಕಿಕೊಳ್ಳಲಿ.